ಹಂಗಿಲ್ಲದ ದನಿ

ಎಲ್ಲಕ್ಕೂ ಮೂಲ ಒಂದು ಬಲ್ಬು. ಅದೂ ನಿಜವಾದ ಬಲ್ಬಲ್ಲ, ಕತೆಯೊಳಗಿನ ಬಲ್ಬು.

ಭಾನುವಾರದ ಪುರವಣಿಯಲ್ಲಿ ನಮ್ಮ ಕತೆಗಾರನ ಕತೆ ಅಚ್ಚಾಗಿತ್ತು. ಕತೆಯಲ್ಲೊಬ್ಬ ಜಿಪುಣ ಮನೆ ಮಾಲೀಕ. ಬಾಡಿಗೆದಾರರು ಮಲಗಿದರು ಅನ್ನಿಸಿದ ಕೂಡಲೇ ಮೆಟ್ಟಿಲ ಮೇಲಿನ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಳ್ಳುವವನು. ಅವರ ಮನೆಗೆ ಎಷ್ಟು ಜನ ಬಂದಿದ್ದಾರೆಂದು ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎಣಿಸುವವನು. ಸುಳ್ಳು ಹೇಳುವ ಮುಂಚೆ ಎಡಗಿವಿ ಕೆರೆದುಕೊಳ್ಳುವವನು. ಕತೆಯ ಪಕ್ಕದಲ್ಲಿ ಕತೆಗಾರನ ಫೋಟೋ, ಫೋಟೋದ ಕೆಳಗೆ ಅವನದೇ ಮಾತು: "ನಾನು ಯಾರನ್ನೂ ಓದಿ ಬರೆಯಲು ಕಲಿತವನಲ್ಲ. ನಮ್ಮ ಸಾಹಿತ್ಯದ ಹಿರಿಯರ ನೆರಳು ನನ್ನ ಮೇಲೆ ಬಿದ್ದಿಲ್ಲ. ನನ್ನ ದನಿ ಬಂದದ್ದು ನನ್ನ ಬೀದಿಯಿಂದ." ಸಂಪಾದಕರು ಇದಕ್ಕೆ ಮರುಳಾಗಿ, ಮೇಲೆ ದಪ್ಪಕ್ಷರದಲ್ಲಿ 'ಪರಂಪರೆಯ ಹಂಗಿಲ್ಲದ ದನಿ' ಎಂದು ಹಾಕಿಸಿದ್ದರು.

ಅವನು ಸುಳ್ಳು ಹೇಳಿರಲಿಲ್ಲ, ಪಾಪ. ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಗುಮಾಸ್ತ ಅವನು. ಕೊಡೆ, ಊಟದ ಡಬ್ಬಿ, ಒಂಟಿ ಬೂಟುಗಳ ಮಧ್ಯೆ ಕೂತು ಅವನು ಬರೆದದ್ದೆಲ್ಲ ದೊಡ್ಡಮ್ಮನ ಬಾಯಿಂದ ಕೇಳಿದ್ದು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಮಧ್ಯಾಹ್ನ ಒಗೆದ ಬಟ್ಟೆ ಮಡಿಸುತ್ತ "ಪಕ್ಕದ ಬೀದೀಲಿ ಒಬ್ಬ ಇದ್ದ ಕಣೋ" ಎಂದು ಅವಳು ಶುರು ಮಾಡಿದರೆ, ಮಡಿಸಿದ ಬಟ್ಟೆ ಮತ್ತೆ ಬಿಚ್ಚಿಹೋದರೂ ಮಾತು ಮುಗಿಯುತ್ತಿರಲಿಲ್ಲ. ಆ ಪಕ್ಕದ ಬೀದಿಯಲ್ಲಿ ಇಷ್ಟೊಂದು ಜನ ಹೇಗೆ ಹಿಡಿಸಿದರು ಎಂದು ಅವನು ಒಮ್ಮೆಯೂ ಯೋಚಿಸಿದವನಲ್ಲ.

ಆವತ್ತು ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಕೆಳಗಿನ ಮನೆಯ ಮಾಲೀಕರು ಧಡಧಡ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಪುರವಣಿ, ಇನ್ನೊಂದರಲ್ಲಿ ಮೆಟ್ಟಿಲ ಬಲ್ಬು. ಸಿಟ್ಟಿನ ಭರದಲ್ಲಿ ಬಲ್ಬನ್ನು ಕೆಳಗಿಟ್ಟು ಬರಲು ಮರೆತಿದ್ದರು.

"ಇದೇನ್ರೀ ಇದು?"

"ಬಲ್ಬು ಸಾರ್," ಎಂದ ಕತೆಗಾರ, ಬಾಯಿ ತುಂಬ ನೊರೆ.

"ಬಲ್ಬಲ್ಲಾರೀ! ಈ ಕತೆ! ಅರ್ಧ ಓದಿ ಪೇಪರ್ ಮಡಚಿಬಿಟ್ಟೆ, ಮುಂದೆ ಓದೋಕೇ ಆಗಲಿಲ್ಲ. ನನ್ನ ಮನೇಲಿದ್ದುಕೊಂಡು ನನ್ನ ಮಾನಾನೇ ಹರಾಜಿಗೆ ಹಾಕ್ತೀರಾ?"

"ಅಯ್ಯೋ, ಅದು ನೀವಲ್ಲ ಸಾರ್. ಅದು ಕಲ್ಪನೆ."

"ಕಲ್ಪನೆಗೆ ಬಲ್ಬು ಬಿಚ್ಚೋಕೆ ಬರುತ್ತೇನ್ರೀ?"

ದೊಡ್ಡಮ್ಮನ ಹೆಸರು ಹೇಳಿದರೆ ಪಾಪದ ಮುದುಕಿಯ ತಲೆಗೆ ಬರುತ್ತದೆ. ಕತೆಗಾರ ನೊರೆ ನುಂಗಿಕೊಂಡು ಬಾಯಿಗೆ ಬಂದದ್ದು ಹೇಳಿಬಿಟ್ಟ: "ಅದು ನಮ್ಮ ಡಿಪೋ ಮ್ಯಾನೇಜರು ಸಾರ್."

ಮಾಲೀಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹೌದಾ? ಸರಿ, ಅವರನ್ನೇ ಕೇಳ್ತೀನಿ. ಸಂಜೆ ಒಳಗೆ ಇದು ನಾನಲ್ಲ ಅಂತ ನಾಲ್ಕು ಜನರ ಮುಂದೆ ಸಾಬೀತು ಮಾಡಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ, ಅಷ್ಟೇ."

ಆ ಮನೆಗೆ ದೊಡ್ಡಮ್ಮ ಮದುವೆಯಾಗಿ ಬಂದವಳು. ಈ ಮಾಲೀಕರ ತಂದೆಯ ಕಾಲದ ಬಾಡಿಗೆ, ಇವತ್ತಿಗೂ ಹೆಚ್ಚೇನೂ ಏರಿಲ್ಲ. ಅಷ್ಟು ಬಾಡಿಗೆಗೆ ಬೇರೆ ಕಡೆ ಬಚ್ಚಲಮನೆಯೂ ಸಿಗುವುದಿಲ್ಲ. ಇವನಾದರೋ ಎಲ್ಲಾದರೂ ಬಿದ್ದುಕೊಂಡಾನು. ಕಣ್ಣು ಮುಚ್ಚಿಕೊಂಡು ಅಡುಗೆಮನೆಯಿಂದ ಬಾಲ್ಕನಿಯವರೆಗೆ ನಡೆಯಬಲ್ಲ ದೊಡ್ಡಮ್ಮನನ್ನು ಈ ವಯಸ್ಸಿನಲ್ಲಿ ಇನ್ನೊಂದು ಮನೆಗೆ ಎಬ್ಬಿಸಿಕೊಂಡು ಹೋಗುವುದು ಹೇಗೆ?

ಬಸ್ಸಿಗೆ ಭಾನುವಾರ ರಜೆ ಇಲ್ಲವಲ್ಲ, ಕೆಲಸಕ್ಕೆ ಹೊರಟ. ಡಿಪೋ ನೌಕರ ಹತ್ತಿದ ಬಸ್ಸೇ ನಡುದಾರಿಯಲ್ಲಿ ಕೆಟ್ಟು ನಿಂತಿತು. ಅವನು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಮಾಲೀಕರು ಸ್ಕೂಟರಿನಲ್ಲಿ ಬಂದು, ಹೇಳುವುದೆಲ್ಲ ಹೇಳಿ ಹೋಗಿಯೂ ಆಗಿತ್ತು. ಮ್ಯಾನೇಜರರ ಮೇಜಿನ ಮೇಲೆ ಪುರವಣಿ ಹರಡಿಕೊಂಡು ಬಿದ್ದಿತ್ತು.

"ಬನ್ನಿ ಸಾಹಿತಿಗಳೇ," ಎಂದರು ಮ್ಯಾನೇಜರು. "ನನಗೇನೂ ಬೇಜಾರಿಲ್ಲ." ಹೀಗೆ ಹೇಳುವ ಮುಂಚೆ ಎಡಗಿವಿ ಕೆರೆದುಕೊಂಡಿದ್ದರು.

ಇಷ್ಟು ವರ್ಷ ಇವರ ಕೈಕೆಳಗೆ ದುಡಿದರೂ ಈ ಕಿವಿಯನ್ನು ಕತೆಗಾರ ಗಮನಿಸಿರಲಿಲ್ಲ.

"ಬೇಜಾರಿಲ್ಲ," ಎಂದು ಮತ್ತೊಮ್ಮೆ ಕೆರೆದುಕೊಂಡು ಮ್ಯಾನೇಜರು ಮುಂದುವರಿಸಿದರು, "ಆದ್ರೆ ನಾಳೆಯಿಂದ ನಿಮಗೆ ರಾತ್ರಿ ಪಾಳಿ. ಬಸ್ ತೊಳೆಯೋ ಷೆಡ್ಡಲ್ಲಿ. ಅಲ್ಲಿ ಸೊಳ್ಳೆ ಜಾಸ್ತಿ, ನಿದ್ದೆ ಬರಲ್ಲ, ಚೆನ್ನಾಗಿ ಬರೀಬಹುದು."

"ಸಾರ್, ಅದು ನೀವಲ್ಲ! ದೇವರಾಣೆಗೂ ಅಲ್ಲ! ಅದು ಆ ಹಲ್ಲಿನ ಡಾಕ್ಟರು ಸಾರ್, ಲೈಬ್ರರಿ ಪಕ್ಕದವರು. ಕ್ಲಿನಿಕ್ ಬಾಗಿಲಲ್ಲಿ ಚಪ್ಪಲಿ ಎಣಿಸ್ತಾ ನಿಂತಿರ್ತಾರಲ್ಲ, ಅವರು."

"ಅವನು ನನ್ನ ಹೆಂಡತಿ ತಮ್ಮ ಕಣ್ರೀ."

ಕತೆಗಾರ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದ. ಆದರೆ ವಿಚಿತ್ರವೆಂದರೆ ಮ್ಯಾನೇಜರರ ಮುಖ ಅರಳುತ್ತಿತ್ತು. ಭಾವಮೈದನ ಮೇಲೆ ಎಷ್ಟು ವರ್ಷದ ಕೋಪವಿತ್ತೋ, ತಕ್ಷಣ ಫೋನೆತ್ತಿದರು. "ಹಲೋ, ಡಾಕ್ಟ್ರೇ? ಪೇಪರ್ ನೋಡಿದ್ಯಾ? ನೋಡು ನೋಡು, ನಿನ್ನ ಬಗ್ಗೆ ಬಂದಿದೆ. ಬರೆದೋರು ಇಲ್ಲೇ ಇದ್ದಾರೆ. ಏನು, ಅವರು ನಿನ್ನ ಪೇಷಂಟಾ?"

ಹೌದು, ಅವನು ಅವರ ಪೇಷಂಟೇ. ಅದೇ ದಿನ ಮಧ್ಯಾಹ್ನಕ್ಕೆ ದವಡೆ ಹಲ್ಲಿಗೆ ರೂಟ್ ಕೆನಾಲ್ ಇತ್ತು. ಹೋಗದೆ ಉಳಿಯೋಣವೆಂದರೆ, ಬೆಳಗಿನಿಂದ ಹಲ್ಲು ಕಚ್ಚಿ ಕಚ್ಚಿ ತಾತ್ಕಾಲಿಕವಾಗಿ ತುಂಬಿದ್ದ ಸಿಮೆಂಟು ಉದುರಿ, ನೋವು ತಲೆಗೇರಿತ್ತು. ಮ್ಯಾನೇಜರು ಎಂದೂ ಇಲ್ಲದ ಪ್ರೀತಿಯಿಂದ ಅರ್ಧ ದಿನ ರಜೆ ಮಂಜೂರು ಮಾಡಿದರು. "ಹೋಗಿ ಹೋಗಿ, ಹಲ್ಲು ಮುಖ್ಯ."

ಡಾಕ್ಟರು ಒಂದೇ ಒಂದು ಬಿರುನುಡಿ ಆಡಲಿಲ್ಲ. ಕುರ್ಚಿಯಲ್ಲಿ ಮಲಗಿಸಿ, ಮುಖದ ಮೇಲೆ ದೀಪ ಎಳೆದು, "ಬಾಯಿ ತೆಗೀರಿ" ಎಂದರು. ತೆಗೆದ.

"ನಾನು ಚಪ್ಪಲಿ ಎಣಿಸ್ತೀನಾ?"

"ಆ... ಆ..."

"ಒಪ್ಪಿಕೊಂಡ್ರಿ. ಯಾಕೆ ಎಣಿಸ್ತೀನಿ ಗೊತ್ತಾ? ಹೊರಗೆ ಎಷ್ಟು ಜನ ಕೂತಿದ್ದಾರೆ ಅಂತ ಗೊತ್ತಾದ್ರೆ ಒಳಗೆ ಎಷ್ಟು ಬೇಗ ಮುಗಿಸಬೇಕು ಅಂತ ಗೊತ್ತಾಗುತ್ತೆ. ಇದು ಜಿಪುಣತನಾನಾ?"

"ಆ... ಆ..."

"ಮತ್ತೆ ಒಪ್ಪಿಕೊಂಡ್ರಿ!"

ಬಾಯಿ ತೆರೆದುಕೊಂಡು ಮಲಗಿದವನ ಪರವಾಗಿ ವಾದಿಸುವವರು ಯಾರೂ ಇರಲಿಲ್ಲ. ಕೊನೆಗೆ ಡಾಕ್ಟರು ಮತ್ತೆ ತಾತ್ಕಾಲಿಕ ಸಿಮೆಂಟನ್ನೇ ಮೆತ್ತಿ, ಕೈಗವಸು ಕಳಚಿದರು. "ಪೂರ್ತಿ ಕೆಲಸ ಆಮೇಲೆ. ಸಂಜೆ ನಿಮ್ಮ ಮಾಲೀಕರ ಮನೆಗೆ ನಾನೂ ಬರ್ತೀನಿ, ಭಾವನೂ ಬರ್ತಾರೆ. ಅಲ್ಲಿ ತೀರ್ಮಾನ ಆಗ್ಲಿ."

ಇಂಜೆಕ್ಷನ್ನಿಗೆ ಅರ್ಧ ಮುಖ ಮರಗಟ್ಟಿದ ಕತೆಗಾರ ಬೀದಿಗೆ ಬಿದ್ದ. ಮನೆಗೆ ಹೋಗುವ ಧೈರ್ಯವಿಲ್ಲ, ಡಿಪೋಗೆ ಹೋಗುವ ಮುಖವಿಲ್ಲ. ಪಕ್ಕದಲ್ಲೇ ಲೈಬ್ರರಿ. ಸಂಜೆಯವರೆಗೆ ಯಾವುದಾದರೂ ಬೀರುವಿನ ಹಿಂದೆ ಕೂತಿರೋಣವೆಂದು ಒಳಗೆ ಹೋದ. ಜೀವಮಾನದಲ್ಲಿ ಅಲ್ಲಿಗೆ ಅವನ ಮೊದಲ ಭೇಟಿ ಅದು.

"ಬನ್ನಿ, ಬನ್ನಿ! ನಿಮ್ಮನ್ನೇ ನೆನೆಸ್ಕೊಳ್ತಿದ್ದೆ," ಎಂದರು ಲೈಬ್ರರಿಯನ್ ಅಮ್ಮ. ನಿವೃತ್ತಿಗೆ ಹತ್ತಿರವಾದ ಹೆಂಗಸು, ಕನ್ನಡಕ ಹಣೆಯ ಮೇಲೆ. ಪುರವಣಿಯಲ್ಲಿನ ಫೋಟೋ ನೋಡಿ ಗುರುತು ಹಿಡಿದಿದ್ದರು. "ಕತೆ ಬಹಳ ಚೆನ್ನಾಗಿದೆ. ಮೂಲದಲ್ಲಿ ಲಾಂದ್ರ ಇತ್ತು, ನೀವು ಬಲ್ಬು ಮಾಡಿದ್ದೀರಿ. ಅಷ್ಟೇ ವ್ಯತ್ಯಾಸ."

"ಯಾವ ಮೂಲ?" ಎಂದ ಅವನು, ಮರಗಟ್ಟಿದ ತುಟಿಯಲ್ಲಿ.

ಅವರು ನಗುತ್ತಲೇ ಎದ್ದು ಹೋಗಿ, ರಟ್ಟು ಕಿತ್ತುಬಂದ ಹಳೆಯ ಕಾದಂಬರಿಯೊಂದನ್ನು ತಂದು ಮುಂದಿಟ್ಟರು. ಬರೆದವರು ಕತೆಗಾರ ಹುಟ್ಟುವ ಎಷ್ಟೋ ಮೊದಲೇ ತೀರಿಕೊಂಡವರು. ಅವನು ತೆರೆದು ನೋಡಿದ. ಜಿಪುಣ ಮನೆ ಮಾಲೀಕ. ಮೆಟ್ಟಿಲ ಲಾಂದ್ರ ಆರಿಸುತ್ತಾನೆ, ಚಪ್ಪಲಿ ಎಣಿಸುತ್ತಾನೆ, ಎಡಗಿವಿ ಕೆರೆದುಕೊಳ್ಳುತ್ತಾನೆ.

"ಇದು... ಇದು ನಮ್ಮ ಪಕ್ಕದ ಬೀದೀಲಿ ನಡೆದಿದ್ದು!"

"ಯಾರು ಹೇಳಿದ್ರು?"

"ನಮ್ಮ ದೊಡ್ಡಮ್ಮ."

ಲೈಬ್ರರಿಯನ್ ಅಮ್ಮ ಕನ್ನಡಕವನ್ನು ಕಣ್ಣಿಗೆ ಇಳಿಸಿ ಅವನನ್ನು ದಿಟ್ಟಿಸಿದರು. "ಈ ಪುಸ್ತಕ ಒಯ್ದವರು ಒಬ್ಬರೇ. ತರಕಾರಿ ಚೀಲದ ಅಡಿಯಲ್ಲಿ ಪುಸ್ತಕ ಮುಚ್ಚಿಟ್ಟುಕೊಂಡು ಹೋಗ್ತಿದ್ರಲ್ಲ, ಅವರಾ? ಅಯ್ಯೋ, ನಾನು ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಓದುಗರು ಅವರು! ಈ ಗೋಡೆಯಿಂದ ಆ ಗೋಡೆವರೆಗೆ ಒಂದೂ ಕಾದಂಬರಿ ಬಿಟ್ಟವರಲ್ಲ." ಆಮೇಲೆ ಒಂದೊಂದೇ ಬೀರು ತೋರಿಸುತ್ತ ನಡೆದರು. ಮಾತು ಬಿಟ್ಟ ಅಕ್ಕತಂಗಿಯರ ಬಗ್ಗೆ ಅವನು ಬರೆದ ಕತೆ ಈ ಬೀರುವಿನದು. ರೈಲು ಬರದ ನಿಲ್ದಾಣದ ಮಾಸ್ತರ ಆ ಬೀರುವಿನವನು. ಕತೆಗಾರ ಹಿಂದೆ ಹಿಂದೆ ನಡೆದ, ಕಳ್ಳಮಾಲು ತೋರಿಸಲು ಪೊಲೀಸರು ಕರೆದುಕೊಂಡು ಹೊರಟವನ ಹಾಗೆ.

"ಘಟನೆ ಅವರದಿರಬಹುದು ಅಮ್ಮ. ಹೇಳೋ ರೀತಿ? ಆ ದನಿ? ಅದು ನನ್ನದೇ ತಾನೆ?"

ಅವರು ಹಳೆಯ ಪುಸ್ತಕದ ಒಂದು ಪುಟ ತೆರೆದು ಗಟ್ಟಿಯಾಗಿ ಓದಿದರು. ವಾಕ್ಯ ಒಂದು ಕಡೆ ಹೊರಟು, ಮಧ್ಯದಲ್ಲಿ ನಿಂತು, ಓದುವವರನ್ನು ಸ್ವಲ್ಪ ರೇಗಿಸಿ, ಪಾತ್ರದ ಬಗ್ಗೆ 'ಪಾಪ' ಎಂದು, ಮತ್ತೆ ದಾರಿಗೆ ಬರುತ್ತಿತ್ತು. ಅವನು ಬರೆಯುವುದೂ ಹೀಗೇ. ದೊಡ್ಡಮ್ಮ ಹೇಳುತ್ತಿದ್ದದ್ದೂ ಹೀಗೇ. ತನ್ನ ಮೂಗು ತನ್ನದೇ ಎಂದುಕೊಂಡಿದ್ದವನು ಹಳೆಯ ಫೋಟೋದಲ್ಲಿ ಅದೇ ಮೂಗನ್ನು ಮುತ್ತಾತನ ಮುಖದ ಮೇಲೆ ಕಂಡಂತಾಯಿತು. ಕಣ್ಣಲ್ಲಿ ನೀರು ಬಂತು. ನೋವಿಗೆ ಬಂದದ್ದೆಂದು ಅವನು ಹೇಳಿದ, ಆದರೆ ಮರಗಟ್ಟಿದ ಮುಖದಲ್ಲಿ ನೋವೆಲ್ಲಿ?

ಪುಸ್ತಕ ಎದೆಗವಚಿಕೊಂಡು ಹಿಂಬಾಗಿಲಿನಿಂದ ಮನೆ ಸೇರಿದ. ದೊಡ್ಡಮ್ಮ ಬಟ್ಟೆ ಮಡಿಸುತ್ತಿದ್ದಳು. ಪುಸ್ತಕ ನೋಡಿದ್ದೇ ಅವಳ ಮುಖ ಬೆಳಗಿತು.

"ಅಯ್ಯೋ, ಇದಿನ್ನೂ ಇದೆಯೇನೋ!"

"ದೊಡ್ಡಮ್ಮ, ಪಕ್ಕದ ಬೀದಿ ಅಂತ ಯಾಕೆ ಹೇಳಿದೆ?"

"ಮತ್ತೇನು ಹೇಳ್ಲಿ? ಸೊಸೆ ಕೈಯಲ್ಲಿ ಕಾದಂಬರಿ ಕಂಡ್ರೆ ನಮ್ಮತ್ತೆಗೆ ಮೈಯೆಲ್ಲ ಉರಿಯೋದು. ಓದೋ ಹೆಂಗಸು ಮನೆ ಹಾಳು ಮಾಡ್ತಾಳೆ ಅನ್ನೋರು. ಆದ್ರೆ ನೆರೆಹೊರೆಯವರ ಸುದ್ದಿ ಅಂದ್ರೆ ಅವರೇ ಮಣೆ ಎಳ್ಕೊಂಡು ಬಂದು ಕೂರೋರು. ಅದಕ್ಕೆ ಓದಿದ್ದನ್ನೆಲ್ಲ ಪಕ್ಕದ ಬೀದಿ ಸುದ್ದಿ ಮಾಡಿ ಹೇಳ್ತಿದ್ದೆ. ಒಂದು ಸಲ ಏನಾಯ್ತು ಗೊತ್ತಾ? ಒಂದು ಕಾದಂಬರೀಲಿ ಹುಡುಗಿಗೆ ಕ್ಷಯ. ಚಳೀಲಿ ನಡುಗ್ತಾಳೆ. ನಮ್ಮತ್ತೆ ಬಿಕ್ಕಿ ಬಿಕ್ಕಿ ಅತ್ತು, ತಮ್ಮ ಕಂಬಳಿ ತಂದುಕೊಟ್ಟು, 'ಪಾಪ, ಆ ಹುಡುಗಿಗೆ ಕೊಟ್ಟು ಬಾ' ಅಂದ್ರು. ನಾನೆಲ್ಲಿಗೆ ಹೋಗಿ ಕೊಡ್ಲಿ! ಮುಚ್ಚಿಟ್ಟೆ. ಆಮೇಲೆ ನೀನು ಬಂದೆಯಲ್ಲ, ನಿನಗೇ ಹೊದಿಸಿದೆ."

ಆ ಕಂಬಳಿ ಅವನಿಗೆ ಚೆನ್ನಾಗಿ ನೆನಪಿತ್ತು. ಇಲ್ಲದ ಹುಡುಗಿಗೆಂದು ಕೊಟ್ಟ ಕಂಬಳಿಯ ಬಿಸುಪಿನಲ್ಲಿ ಅವನು ದೊಡ್ಡವನಾಗಿದ್ದ. ಹಂಗಿಲ್ಲ ಎಂದು ಫೋಟೋ ಕೆಳಗೆ ಬರೆಸಿಕೊಂಡವನಿಗೆ ಈಗ ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ. ಹೆಸರೂ ಗೊತ್ತಿಲ್ಲದ ಇಷ್ಟೊಂದು ಹಿರಿಯರು, ತಾಯಿಯಿಲ್ಲದ ಒಂದು ಮಗುವಿಗೆ ಮಾತು ಕಲಿಸಲು ತರಕಾರಿಯ ಅಡಿಯಲ್ಲಿ ಮುದುಡಿಕೊಂಡು ಬಂದಿದ್ದರಲ್ಲ ಎಂದು ಮನಸ್ಸು ತುಂಬಿ ಬಂತು.

ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಕುರ್ಚಿ ಎಳೆಯುವ ಸದ್ದು. ಇಣುಕಿದರೆ ಮಾಲೀಕರು, ಮ್ಯಾನೇಜರು, ಡಾಕ್ಟರು ಮೂವರೂ ಕೈ ಬೀಸಿ ಬೀಸಿ ಕೂಗಾಡುತ್ತಿದ್ದರು. ಕಾಂಪೌಂಡಿನಾಚೆ ಬೀದಿಯ ಜನ.

ಪುಸ್ತಕ ತೋರಿಸಿದರೆ ಮನೆ ಉಳಿಯುತ್ತದೆ, ಹೆಸರು ಹೋಗುತ್ತದೆ. ತೋರಿಸದಿದ್ದರೆ ಹೆಸರು ಉಳಿಯುತ್ತದೆ, ದೊಡ್ಡಮ್ಮ ಬೀದಿಗೆ ಬೀಳುತ್ತಾಳೆ. ಕತೆಗಾರ ಹೆಚ್ಚು ಹೊತ್ತು ಯೋಚಿಸಲಿಲ್ಲ. ದೊಡ್ಡಮ್ಮನ ಕೈ ಹಿಡಿದುಕೊಂಡು ಕೆಳಗಿಳಿದ.

"ಎಲ್ಲರೂ ಕೇಳಿ," ಎಂದ ಗಟ್ಟಿಯಾಗಿ. "ಈ ಕತೆಯಲ್ಲಿ ಇರೋದು ನಿಮ್ಮಲ್ಲಿ ಯಾರೂ ಅಲ್ಲ. ಇದು ನನ್ನ ಕತೆಯೂ ಅಲ್ಲ. ಇಗೋ, ಇದರಿಂದ ಬಂದಿದ್ದು. ನಾನು ಯಾರ ಹಂಗೂ ಇಲ್ಲ ಅಂತ ಬರೆದಿದ್ದು ತಪ್ಪು. ನನ್ನ ಒಂದೊಂದು ಮಾತೂ ಹಿಂದಿನವರ ಋಣ. ನಾಳೆಯೇ ಪೇಪರಿಗೂ ಹೇಳ್ತೀನಿ." ಹಳೆಯ ಪುಟ ತೆರೆದು ಓದತೊಡಗಿದ. ಅವನು ಪುಟ ತಿರುವುವಷ್ಟರಲ್ಲಿ ದೊಡ್ಡಮ್ಮ ಪುಸ್ತಕ ನೋಡದೆ ಮುಂದಿನ ಸಾಲು ಹೇಳಿದಳು. ಬೀದಿಯ ಜನ ನಕ್ಕರು. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಮುಂದೆ ಕೂತ ಮೂವರು ಮಾತ್ರ ನಗಲಿಲ್ಲ.

"ಹಾಗಾದ್ರೆ," ಎಂದರು ಮಾಲೀಕರು ಸಣ್ಣ ದನಿಯಲ್ಲಿ, "ಅದು ನಾನಲ್ವಾ?"

"ಖಂಡಿತ ಅಲ್ಲ ಸಾರ್!"

"ಮಧ್ಯಾಹ್ನ ನನ್ನ ಮಗಳು ಪೂರ್ತಿ ಓದಿ ಹೇಳಿದ್ಲು ಕಣ್ರೀ. ಕೊನೇಲಿ ಆ ಜಿಪುಣ, ಕೂಸು ಎತ್ಕೊಂಡು ಬಂದ ಹೆಂಗಸಿಗೆ ಮೆಟ್ಟಿಲಲ್ಲಿ ದೀಪ ಹಿಡ್ಕೊಂಡು ನಿಲ್ತಾನಲ್ಲ, ಅತ್ತುಬಿಟ್ಟೆ. ಅಂಗಡೀಲಿದ್ದ ಪೇಪರೆಲ್ಲ ದುಡ್ಡು ಕೊಟ್ಟು ತಗೊಂಡೆ. ನೆಂಟರಿಗೆಲ್ಲ ಕಳಿಸಿದೆ, ಇದು ನಾನೇ ಅಂತ. ಅಳಿಯ ಫೋನ್ ಮಾಡಿ ಅಭಿನಂದನೆ ಹೇಳ್ದ!"

"ನಾನೂ ಕೊನೆವರೆಗೆ ಓದಿದೆ, ಕಿವಿ ನಂದು ಅಂತ ಡಿಪೋ ತುಂಬ ಹೇಳಿದ್ದೀನಿ," ಎಂದು ಮ್ಯಾನೇಜರು ಗುಡುಗಿದರು.

"ನಾನು ಅದನ್ನ ಕತ್ತರಿಸಿ ಕ್ಲಿನಿಕ್ ಗೋಡೆಗೆ ಅಂಟಿಸಿದ್ದೀನಿ," ಎಂದರು ಡಾಕ್ಟರು.

ಇಷ್ಟು ಹೊತ್ತು ಮೂವರೂ ಕಿತ್ತಾಡುತ್ತಿದ್ದದ್ದು 'ಅದು ನಾನಲ್ಲ' ಎಂದಲ್ಲ, 'ಅದು ನಾನೇ' ಎಂದು.

"ಆ ಕೊನೆ ಓದಿ," ಎಂದರು ಮಾಲೀಕರು ಹಟದಿಂದ. "ದೀಪ ಹಿಡ್ಕೊಂಡು ನಿಲ್ಲೋದು ಆ ಪುಸ್ತಕದಲ್ಲಿ ಎಲ್ಲಿದೆ, ತೋರಿಸಿ."

ಕತೆಗಾರ ಪುಟ ತಿರುವಿದ. ಕೊನೆಯ ಹಾಳೆಗಳೇ ಇರಲಿಲ್ಲ, ಯಾವ ಕಾಲದಲ್ಲೋ ಹರಿದುಹೋಗಿದ್ದವು. ಅವನ ಎದೆ ಆಸೆಯಿಂದ ಹಾರಿತು. "ಇಲ್ಲ ಸಾರ್! ಕೊನೆ ಇದರಲ್ಲಿಲ್ಲ! ಅಂದ್ರೆ ಅದಾದರೂ ನನ್ನ ಬೀದಿದು..."

"ಅದು ನಾನು ಕಟ್ಟಿದ್ದು ಕಣೋ," ಎಂದಳು ದೊಡ್ಡಮ್ಮ. "ನಾನು ತಂದಾಗಲೇ ಹಾಳೆ ಹರಿದಿತ್ತು. ನಮ್ಮತ್ತೆ ಬಿಡಬೇಕಲ್ಲ, ಆ ಜಿಪುಣನಿಗೆ ಆಮೇಲೇನಾಯ್ತು, ಹೇಳು ಹೇಳು ಅಂತ. ಅದಕ್ಕೆ ಕಣ್ಣಾರೆ ನೋಡಿದ್ದನ್ನೇ ಸೇರಿಸಿಬಿಟ್ಟೆ." ಅವಳು ಮಾಲೀಕರ ಕಡೆ ತಿರುಗಿದಳು. "ಅದು ನಿಮ್ಮಪ್ಪ. ಇವನ ತಾಯಿ ಹೋದ ದಿನ, ಈ ಮಗೂನ ಎತ್ಕೊಂಡು ಕತ್ತಲೇಲಿ ಬಂದೆ. ಅಷ್ಟು ಜಿಪುಣ ಮನುಷ್ಯ, ನಾನು ಎಡವಬಾರದು ಅಂತ ಮೆಟ್ಟಿಲ ಬುಡದಲ್ಲಿ ದೀಪ ಎತ್ತಿ ಹಿಡಿದು ನಿಂತಿದ್ರು. ಮಗು ಅಳು ನಿಲ್ಲಿಸೋವರೆಗೂ ಆರಿಸಲಿಲ್ಲ. ಬಾಡಿಗೆ ಏರಿಸಲ್ಲ ಅಂತ ಮಾತು ಕೊಟ್ಟಿದ್ದೂ ಆವತ್ತೇ."

ಕತೆಗಾರ ತಾನು ಬರೆದ ಕತೆಯಲ್ಲಿ ತಾನೇ ಕೂಸಾಗಿ ಮಲಗಿದ್ದನ್ನು ಆಗ ತಿಳಿದ. ದೊಡ್ಡಮ್ಮನಿಗೆ, ಕಾಣದ ಆ ಹಳೆಯ ಲೇಖಕರಿಗೆ, ದೀಪ ಹಿಡಿದ ಆ ಜಿಪುಣನಿಗೆ ಮನಸ್ಸಿನಲ್ಲೇ ಕೈಮುಗಿದ.

ಮಾಲೀಕರು ಕಣ್ಣೊರೆಸಿಕೊಂಡು ಎದ್ದು ನಿಂತರು. "ಅಮ್ಮಾ, ನೀವು ಇರೋವರೆಗೂ ಈ ಮನೆ ನಿಮ್ಮದು. ಇನ್ಮೇಲೆ ಬಾಡಿಗೇನೂ ಬೇಡ." ಬೀದಿಯ ಜನ ಹೋ ಎಂದರು. ಕತೆಗಾರ ನಿಟ್ಟುಸಿರು ಬಿಟ್ಟ. ಮಾಲೀಕರು ಅವನತ್ತ ತಿರುಗಿದರು. "ನಮ್ಮಪ್ಪನ ಕತೆ ಎತ್ತಿಕೊಂಡು ತನ್ನ ಹೆಸರು ಹಾಕ್ಕೊಂಡ ಈ ಮಹಾನುಭಾವರು ಮಾತ್ರ ನಾಳೆಯೇ ಖಾಲಿ ಮಾಡ್ಲಿ."

"ರಾತ್ರಿ ಪಾಳಿಗೆ ಬರ್ತಾರಲ್ಲ, ಷೆಡ್ಡಲ್ಲೇ ಮಲಗ್ಲಿ," ಎಂದರು ಮ್ಯಾನೇಜರು.

"ಹಲ್ಲೂ ಸದ್ಯಕ್ಕೆ ಹಾಗೇ ಇರ್ಲಿ," ಎಂದರು ಡಾಕ್ಟರು.

ಆಮೇಲೆ ಮೂವರೂ ತಮ್ಮ ಕುರ್ಚಿಗಳನ್ನು ದೊಡ್ಡಮ್ಮನ ಸುತ್ತ ಎಳೆದುಕೊಂಡರು. "ಇನ್ನೊಂದು ಹೇಳಿ ಅಮ್ಮ," ಎಂದು ಮಾಲೀಕರು ಕೇಳಿಕೊಂಡರು. ಅವಳು ಸೆರಗು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ಶುರು ಮಾಡಿದಳು.

"ಪಕ್ಕದ ಬೀದೀಲಿ ಒಬ್ಬ ಗುಮಾಸ್ತ ಇದ್ದ. ಬಸ್ ಡಿಪೋದಲ್ಲಿ ಕೆಲಸ. ಪಾಪ, ಒಳ್ಳೇವನೇ. ಆದ್ರೆ ಒಂದು ದಿನ, ನಾನು ಯಾರಿಂದಲೂ ಏನೂ ಕಲಿತಿಲ್ಲ ಅಂತ ಪೇಪರಿಗೆ ಬರೆದುಕೊಟ್ಟುಬಿಟ್ಟ..."

ಜನ ಗೊಳ್ಳೆಂದು ನಕ್ಕರು. ಕತೆಗಾರ ಟ್ರಂಕು ಕಟ್ಟಲೆಂದು ಮೆಟ್ಟಿಲ ಕಡೆಗೆ ಹೊರಟವನು ಅಲ್ಲೇ ನಿಂತ. ವಾಪಸು ಬಂದು ನೆಲದ ಮೇಲೆ ದೊಡ್ಡಮ್ಮನ ಕಾಲ ಬಳಿ ಕೂತ.

"ಆಮೇಲೇನಾಯ್ತು ದೊಡ್ಡಮ್ಮ?" ಎಂದು ಕೇಳಿದ.